ಸುಮ್ಮನೆ ಓದುವವಳು

ಹಲ್ಲಕ್ಕನ ಕೆಲಸ ಹಲ್ಲು ಮಾಡುವುದು. ಕೀಳುವುದಲ್ಲ, ಕೀಳುವುದಕ್ಕೆ ಡಾಕ್ಟರಿದ್ದಾರೆ, ಅವರ ಕೋಣೆಗೆ ಎ.ಸಿ. ಇದೆ. ಕಿತ್ತ ಜಾಗದಲ್ಲಿ ಕೂರುವ ಹಲ್ಲಿನ ಸೆಟ್ಟು ತಯಾರಾಗುವುದು ಹಳೇ ಕಟ್ಟಡವೊಂದರ ಮೇಲಿನ ಮಹಡಿಯ ಲ್ಯಾಬಿನಲ್ಲಿ, ಒಂದೇ ಫ್ಯಾನಿನ ಕೆಳಗೆ. ಕ್ಲಿನಿಕ್ಕುಗಳಿಂದ ಜನರ ಬಾಯಿಯ ಅಚ್ಚುಗಳು ರಟ್ಟಿನ ಪೆಟ್ಟಿಗೆಗಳಲ್ಲಿ ಬರುತ್ತವೆ. ಅವಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲನ್ನು ನಿಲ್ಲಿಸಿ, ಬೇಯಿಸಿ, ಉಜ್ಜಿ, ಹೊಳಪೇರಿಸಿ ಕಳಿಸಬೇಕು. ಸಂಜೆಯ ಹೊತ್ತಿಗೆ ಅವಳ ರೆಪ್ಪೆಯ ಮೇಲೂ ಬಿಳಿ ಪುಡಿ. ಊರಿನ ಎಷ್ಟೋ ನಗು ಅವಳ ಮೇಜಿನಿಂದಲೇ ಹೋಗಿದೆ. ರಸ್ತೆಯಲ್ಲಿ ಸಿಕ್ಕರೆ ಆ ನಗುಗಳಲ್ಲಿ ಒಂದಾದರೂ ಅವಳ ಕಡೆ ತಿರುಗುವುದಿಲ್ಲ, ಅದು ಬೇರೆ ಮಾತು.

ಪುಸ್ತಕ ಅವಳಿಗೆ ಗಂಟುಬಿದ್ದದ್ದೂ ಇಂಥ ಪೆಟ್ಟಿಗೆಯಲ್ಲೇ. ಯಾವುದೋ ಕ್ಲಿನಿಕ್ಕಿನ ಪುಣ್ಯಾತ್ಮ, ಅಚ್ಚುಗಳು ಒಡೆಯದಿರಲಿ ಎಂದು ಸಂದಿಗೆ ಹಳೇ ಪೇಪರಿನ ಬದಲು ದಪ್ಪನೆಯ ಕಾದಂಬರಿಯೊಂದನ್ನು ತುರುಕಿದ್ದ. ಅದಕ್ಕೆ ಮುಖಪುಟವೂ ಇರಲಿಲ್ಲ, ಮೊದಲ ಅಧ್ಯಾಯಗಳೂ ಇರಲಿಲ್ಲ. ಊಟದ ಬಿಡುವಿನಲ್ಲಿ ಹಲ್ಲಕ್ಕ ಇದ್ದಲ್ಲಿಂದಲೇ ಓದಲು ಹಿಡಿದಳು. ಓದುತ್ತ ಓದುತ್ತ ನಾಯಕನ ಮೇಲೆ ಕನಿಕರ ಹುಟ್ಟಿತು.

“ಪಾಪ ಕಣೇ, ರಾತ್ರಿ ಪಾಳಿಯವನು,” ಎಂದಳು, ಪಕ್ಕದ ಮೇಜಿನಲ್ಲಿ ಪಾಲಿಶ್ ಮಾಡುವ ಗೆಳತಿಗೆ. “ಹಗಲೆಲ್ಲ ಮಲಗ್ತಾನೆ. ಹೊತ್ತಿಗೆ ಸರಿಯಾಗಿ ಊಟ ಇಲ್ಲ. ಬಿಸಿಲು ಕಾಣದೆ ಬಿಳಿಚಿಕೊಂಡುಬಿಟ್ಟಿದಾನೆ. ರಕ್ತ ಕಮ್ಮಿ ಇರ್ಬೇಕು.”

ಗೆಳತಿ ಪುಸ್ತಕ ಕಿತ್ತುಕೊಂಡು ಎರಡು ಪುಟ ನೋಡಿ ಬಿದ್ದು ಬಿದ್ದು ನಕ್ಕಳು. “ಅಕ್ಕಾ, ಕಮ್ಮಿ ಇರೋದಕ್ಕೇ ಊರವರದ್ದು ಕುಡೀತಿರೋದು! ಅವನು ರಕ್ತಪಿಶಾಚಿ. ಸತ್ತು ಮುನ್ನೂರು ವರ್ಷ ಆಗಿದೆ!”

“ಸತ್ತಿದಾನಾ?” ಹಲ್ಲಕ್ಕ ಕೈಯಲ್ಲಿದ್ದ ದವಡೆಯನ್ನು ಕೆಳಗಿಟ್ಟಳು. “ನಮ್ಮನೇಲಿ ಬದುಕಿರೋರಿಗಿಂತ ಚೆನ್ನಾಗಿ ಮಾತಾಡ್ತಾನಲ್ಲೇ!”

ಅಲ್ಲಿಂದ ಹಿಡಿದ ಹುಚ್ಚು ಬಿಡಲಿಲ್ಲ. ಫುಟ್‌ಪಾತಿನ ಹಳೇ ಪುಸ್ತಕದವನ ಹತ್ತಿರ ಇಂಥವು ರಾಶಿ ಬಿದ್ದಿದ್ದವು. ಮುಖಪುಟದ ತುಂಬ ಅಂಗಿಯಿಲ್ಲದ ಗಂಡಸು, ಅವನ ಬೆನ್ನ ಹಿಂದೆ ತೋಳ, ಅದರ ಬೆನ್ನ ಹಿಂದೆ ಚಂದ್ರ. ಹಲ್ಲಕ್ಕನಿಗೆ ಬಹಳ ಹಿಡಿಸಿದ್ದೆಂದರೆ ಈ ಕಥೆಗಳು ಕಾಡಿನಲ್ಲೋ ಕೋಟೆಯಲ್ಲೋ ನಡೆಯದೆ, ನಾವು ನೀವು ಓಡಾಡುವಂಥ ಊರಿನಲ್ಲೇ ನಡೆಯುತ್ತಿದ್ದದ್ದು. ಮಾಟಗಾತಿ ಬಸ್ಸಿಗೆ ಕಾಯುತ್ತಾಳೆ, ಬಸ್ಸು ಬರುವುದಿಲ್ಲ. ಮಂತ್ರ ಹಾಕಿದರೂ ಬರುವುದಿಲ್ಲ. ಹುಣ್ಣಿಮೆಗೆ ತೋಳವಾಗುವ ಮನುಷ್ಯ ಬಾಡಿಗೆ ಮನೆ ಹುಡುಕಿದರೆ ಯಜಮಾನ ಕೇಳುವುದು ಒಂದೇ ಪ್ರಶ್ನೆ: ಒಬ್ಬರೇನಾ, ಫ್ಯಾಮಿಲಿನಾ? ಪಿಶಾಚಿಗಳು ಸರ್ಕಾರಿ ಕಚೇರಿಯ ಕಿಟಕಿಯ ಮುಂದೆ ಸಾಲುಗಟ್ಟಿ, ಸರದಿ ಬರುವಷ್ಟರಲ್ಲಿ ಬೆಳಗಾಗಿ, ನಿಂತಲ್ಲೇ ಬೂದಿಯಾಗುತ್ತವೆ. ಇದನ್ನೆಲ್ಲ ಕಟ್ಟುಕಥೆ ಎಂದವರು ಯಾವತ್ತೂ ಕಚೇರಿಗೆ ಹೋದವರಿರಲಿಕ್ಕಿಲ್ಲ.

ಹಾಗೆಂದು ಅವಳು ಮಂಕುಬಡಿದವಳಲ್ಲ. ಪಿಶಾಚಿ ಬಂದು ಎತ್ತಿಕೊಂಡು ಹೋಗಲಿ ಎಂದು ಕಿಟಕಿ ತೆರೆದಿಟ್ಟು ಮಲಗಿದವಳಲ್ಲ. ಸೊಳ್ಳೆ ಬರುತ್ತದೆ ಎಂದು ಮುಚ್ಚಿಯೇ ಮಲಗುತ್ತಾಳೆ. ನಾಯಕ ಕೋರೆಹಲ್ಲು ಹೊರಗೆ ಹಾಕಿಕೊಂಡು ಮುತ್ತಿಡಲು ಬಾಗಿದರೆ, “ಅಷ್ಟುದ್ದ ಇಟ್ಕೊಂಡ್ರೆ ತುಟಿ ಸೀಳಲ್ವಾ? ಒಂಚೂರು ಉಜ್ಜಿಸ್ಕೋಬಾರ್ದಾ?” ಎಂದು ಗೊಣಗುತ್ತಾಳೆ. ಗೊಣಗುತ್ತಲೇ ಪುಟ ತಿರುಗಿಸುತ್ತಾಳೆ. ಎದೆ ಹೊಡೆದುಕೊಳ್ಳುತ್ತಿರುತ್ತದೆ. ಆ ಹೊಡೆತಕ್ಕಾಗಿಯೇ ಓದು.

ತೊಂದರೆ ಪುಸ್ತಕದ್ದಲ್ಲ, ಬಾಗಿಲಿನದು.

ಅವಳ ಮಲಗುವ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕವಿಲ್ಲ. ಮಗ ತೊದಲು ಮಾತಾಡುವ ಕಾಲದಲ್ಲಿ ಒಂದು ದಿನ ತಾನೇ ಚಿಲಕ ಹಾಕಿಕೊಂಡು ಒಳಗೆ ಸಿಕ್ಕಿಬಿದ್ದು ಅತ್ತನೆಂದು ಗಂಡ ಅದನ್ನು ಕೀಳಿಸಿದ್ದ. ಆ ಮಗ ಈಗ ಬೇರೆ ಊರಿನ ಹಾಸ್ಟೆಲಿನಲ್ಲಿ ಮೀಸೆ ತಿದ್ದಿಕೊಳ್ಳುತ್ತಾನೆ. ಚಿಲಕ ಮಾತ್ರ ವಾಪಸು ಬಂದಿಲ್ಲ. ಮನೆ ಅತ್ತೆಯ ಹೆಸರಿನಲ್ಲಿದೆ, ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಅಪ್ಪಣೆ ಬೇಕು. ಒಮ್ಮೆ ಹಲ್ಲಕ್ಕ ತಾನೇ ಚಿಲಕ ಕೊಂಡು ತಂದಾಗ ಅತ್ತೆ ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, “ಮನೆ ಒಳಗೆ ಯಾವ ಕಳ್ಳರಿದಾರೆ? ನಾನಾ?” ಎಂದಿದ್ದರು. ಚಿಲಕ ಅಂಗಡಿಗೆ ಹಿಂದಿರುಗಿತು.

ಹೀಗಾಗಿ ಕಥೆಯಲ್ಲಿ ರಕ್ತಪಿಶಾಚಿ ಕತ್ತಿನ ಹತ್ತಿರ ಬಾಗಿದ ಗಳಿಗೆಗೇ ಬಾಗಿಲು ಧಡಾರನೆ ತೆರೆದುಕೊಳ್ಳುತ್ತಿತ್ತು.

“ಲೇ, ನನ್ನ ಉಗುರು ಕತ್ತರಿಸೋದು ಎಲ್ಲಿಟ್ಟೆ?” ಅದು ಅತ್ತೆ.

“ನನ್ನ ನೀಲಿ ಶರ್ಟಿಗೆ ಗುಂಡಿ ಹಾಕಿದ್ಯಾ?” ಅದು ಗಂಡ.

ಯಾರೂ ಬಾಗಿಲು ಬಡಿಯುವವರಲ್ಲ. ಬಡಿದರೆ ಒಳಗೊಬ್ಬಳಿದ್ದಾಳೆ ಎಂದು ಒಪ್ಪಿಕೊಂಡಂತಾಗುತ್ತದಲ್ಲ!

“ರೀ, ಆ ಬಾಗಿಲಿಗೊಂದು ಚಿಲಕ ಹಾಕ್ಸಿ ಅಂದಿದ್ನಲ್ಲ,” ಎಂದು ಅವಳು ಮತ್ತೆ ಮತ್ತೆ ಕೇಳಿದ್ದಳು.

“ಯಾಕೆ? ಒಳಗೆ ಏನ್ ಮಾಡ್ತೀಯ?”

“ಓದ್ತೀನಿ.”

“ಓದೋಕೆ ಚಿಲಕ ಯಾಕೆ? ಹಾಲಲ್ಲಿ ಕೂತು ಓದು. ನಾಲ್ಕು ಜನ ನೋಡಿ ಕಲೀಲಿ.”

ಹೀಗೆ ಅನ್ನುವ ಗಂಡ ಸಾಮಾನ್ಯನಲ್ಲ. ಅವರು ತಮ್ಮ ಮನೆಯಿರುವ ವಸತಿ ಕಟ್ಟಡದ ಓದುಗರ ಕೂಟದ ಅಧ್ಯಕ್ಷರು. ಹೊಟ್ಟೆಪಾಡಿಗೆ ವಿಮೆ ಕಚೇರಿ, ಮರ್ಯಾದೆಗೆ ಕೂಟ. ಹಾಲಿನಲ್ಲಿ ಗಾಜಿನ ಕಪಾಟಿದೆ. ಅದರಲ್ಲಿ ಸನ್ಮಾನಗಳಲ್ಲಿ ಬಂದ ಪುಸ್ತಕಗಳು ಬಣ್ಣದ ಕಾಗದ ಬಿಚ್ಚದೆ ನಿಂತಿವೆ. “ಪುಸ್ತಕ ಜ್ಞಾನದ ದೀಪ” ಎಂದು ಅಧ್ಯಕ್ಷರು ಎಲ್ಲ ಸಭೆಯಲ್ಲೂ ಹೇಳುತ್ತಾರೆ. ದೀಪಕ್ಕೆ ಕಡ್ಡಿ ಗೀರಿದ್ದನ್ನು ಯಾರೂ ಕಂಡಿಲ್ಲ. ಊಟವಾದ ಮೇಲೆ ಅವರು ಸೋಫಾದಲ್ಲಿ ಒರಗಿ, ಜನ ಜಾರಿ ಬೀಳುವ ವಿಡಿಯೋಗಳನ್ನು ಫೋನಿನಲ್ಲಿ ನೋಡುತ್ತ ಹೊಟ್ಟೆ ಕುಲುಕಿಸಿ ನಗುತ್ತಾರೆ. ಅದು ಯಾಕೆ, ಅದರಿಂದ ವ್ಯಕ್ತಿತ್ವಕ್ಕೆ ಏನು ಲಾಭ ಎಂದು ಮನೆಯಲ್ಲಿ ಒಬ್ಬರೂ ಕೇಳಿಲ್ಲ. ದುಡಿದು ಬಂದ ಗಂಡಸಿಗೆ ಅದು ವಿಶ್ರಾಂತಿ. ದುಡಿದು ಬಂದ ಹೆಂಗಸಿಗೆ ಅಡುಗೆಮನೆ ಇದೆ.

ಆ ಭಾನುವಾರ ಕೂಟ ಅವರ ಮನೆಯಲ್ಲೇ ಸೇರಿತ್ತು. ವಿಷಯ: ಓದು ಮತ್ತು ವ್ಯಕ್ತಿತ್ವ ವಿಕಸನ. ಕಟ್ಟಡದ ಏಳೆಂಟು ಮಂದಿ ಬಂದಿದ್ದರು. ಅವರಲ್ಲಿ ಹಿರಿಯರೆಂದರೆ ಕೆಳಗಿನ ಮನೆಯ ನಿವೃತ್ತ ಹೆಡ್‌ಮಾಸ್ಟರು. ಹಲ್ಲಕ್ಕ ಒಳಗೆ ಚಹಾಕ್ಕೆ ನೀರಿಟ್ಟಿದ್ದಳು. ಅಧ್ಯಕ್ಷರು ದೀಪದ ಮಾತಿಗೆ ಬಂದಿದ್ದರಷ್ಟೆ, ಅತ್ತೆ ಮಲಗುವ ಕೋಣೆಯಿಂದ ಪುಸ್ತಕವೊಂದನ್ನು ಹಿಡಿದು ನಡುಮನೆಗೆ ಬಂದರು. ಕನ್ನಡಕ ಹುಡುಕಲು ಹೋಗಿ ದಿಂಬಿನ ಕೆಳಗೆ ಕೈಹಾಕಿದ್ದರು.

“ಇದು ನಿಮ್ಮ ಕೂಟದ್ದೇನೋ? ಅವಳ ದಿಂಬಿನ ಕೆಳಗಿತ್ತು,” ಎಂದರು ಮಗನಿಗೆ. ಆಮೇಲೆ ಮುಖಪುಟವನ್ನು ಕಣ್ಣಿಗೆ ಹತ್ತಿರ ತಂದು, “ಈ ಹುಡುಗಂಗೆ ಅಂಗಿನೇ ಇಲ್ವಲ್ಲೋ, ಪಾಪ,” ಎಂದರು.

ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು. ಪುಸ್ತಕ ಕೈಯಿಂದ ಕೈಗೆ ಹೋಯಿತು. ಒಬ್ಬರು ಹಿಂಬದಿಯ ಬರಹವನ್ನು ನಾಟಕದ ದನಿಯಲ್ಲಿ ಓದಿದರು. ಇನ್ನೊಬ್ಬರು, “ನಮ್ಮ ಯಜಮಾನರಿಗೂ ಹುಣ್ಣಿಮೆಗೆ ಮೈಮೇಲೆ ಕೂದಲು ಬರತ್ತಾ ನೋಡ್ಬೇಕು,” ಎಂದರು. “ಈ ವಯಸ್ಸಲ್ಲಿ ಇದೆಲ್ಲ ಬೇಕಾ?” ಎಂದು ಮತ್ತೊಬ್ಬರು ನಿಟ್ಟುಸಿರಿಟ್ಟು, ನಿಟ್ಟುಸಿರಿನ ಮರೆಯಲ್ಲಿ ಇನ್ನೊಂದು ಪುಟ ತಿರುವಿದರು. ಅತ್ತೆಗೆ ವಿಷಯ ಪೂರ್ತಿ ತಿಳಿಯದಿದ್ದರೂ ನಗುವ ಗುಂಪಿಗೆ ಸೇರಿದರು. ಸೊಸೆ ಮಾಡಿಕೊಟ್ಟ ಹಲ್ಲುಗಳೆಲ್ಲ ಸಾಲಾಗಿ ಹೊಳೆದವು.

ಅಧ್ಯಕ್ಷರ ಮುಖ ಮಾತ್ರ ಪ್ಲಾಸ್ಟರಿನಂತಾಗಿತ್ತು. ಆದರೆ ಸಭೆ ನಡೆಸಿ ಪಳಗಿದ ನಾಲಿಗೆ. ಕೆಮ್ಮಿ, ಗಂಟಲು ಸರಿಮಾಡಿಕೊಂಡು, “ನಗಬೇಡಿ. ನಮ್ಮನೆಯವಳು ಜಾನಪದದಲ್ಲಿ ಭೂತ-ಪ್ರೇತಗಳ ಕಲ್ಪನೆ ಅಂತ ಒಂದು ಸಂಶೋಧನೆ ಮಾಡ್ತಿದಾಳೆ. ಮುಂದಿನ ಕೂಟದಲ್ಲಿ ಅವಳದೇ ಉಪನ್ಯಾಸ ಇಟ್ಕೊಳೋಣ,” ಎಂದರು.

ನಗು ಒಂದೇ ಏಟಿಗೆ ನಿಂತಿತು. “ಓಹೋ, ಸಂಶೋಧನೆ!” ಎಂದರು ಹೆಡ್‌ಮಾಸ್ಟರು. ಈಗಷ್ಟೇ ಕಲ್ಲೆತ್ತಿದ್ದ ಕೈಗಳು ಚಪ್ಪಾಳೆ ತಟ್ಟಿದವು. ಅದೇ ಪುಸ್ತಕ, ಅದೇ ಅಂಗಿಯಿಲ್ಲದ ಹುಡುಗ. ಕೊರಳಿಗೊಂದು ಹಾರ ಹಾಕಿದ ಕೂಡಲೇ ಅವನು ಗಣ್ಯನಾಗಿದ್ದ.

ಅಧ್ಯಕ್ಷರು ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದರು.

“ಕೇಳಿಸ್ತಲ್ಲ? ಹೂಂ ಅಂದ್ಬಿಡು, ಸಾಕು.”

“ಯಾವ ಸಂಶೋಧನೆ ರೀ? ಮಾಡ್ತಿರೋಳು ನಾನು, ನಂಗೇ ಗೊತ್ತಿಲ್ವಲ್ಲ.”

“ತಮಾಷೆ ಬೇಡ. ನನ್ನ ಮಾನದ ಪ್ರಶ್ನೆ.” ಅಧ್ಯಕ್ಷರು ದನಿ ಇಳಿಸಿದರು. “ನಾಳೆನೇ ಬಡಗಿ ಕರೆಸ್ತೀನಿ. ಚಿಲಕ ಹಾಕ್ಸೋಣ, ಹಿತ್ತಾಳೇದು. ಅಮ್ಮಂಗೆ ನಾನು ಹೇಳ್ತೀನಿ. ಸಂಶೋಧನೆಗೆ ಅಂದ್ರೆ ಅವಳೂ ಬೇಡ ಅನ್ನಲ್ಲ.”

ಹಲ್ಲಕ್ಕನ ಕೈ ಲೋಟಗಳ ಮೇಲೆ ನಿಂತಿತು. ಚಿಲಕ! ಲ್ಯಾಬಿನಿಂದ ಬಂದು, ಮುಖ ತೊಳೆದು, ಬಾಗಿಲು ಹಾಕಿ, ಸರಕ್ಕನೆ ಒಂದು ಸದ್ದು. ಆಮೇಲೆ ಆ ಕಡೆ ಯಾರಿಗೆ ಉಗುರು ಬೆಳೆದರೇನು, ಯಾರ ಗುಂಡಿ ಉದುರಿದರೇನು. ಅಧ್ಯಾಯವೊಂದನ್ನು ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿಗೆ ಓದಬಹುದು. ಅದಕ್ಕೆ ಬೇಕಾಗಿರುವುದು ಒಂದು ಹೂಂ. ಇಷ್ಟು ವರ್ಷದಲ್ಲಿ ಬಿಟ್ಟಿಯಾಗಿ ಎಷ್ಟು ಹೂಂ ಹೇಳಿಲ್ಲ ಅವಳು? ಮೊದಲ ಬಾರಿಗೆ ಹೂಂಗೆ ಬೆಲೆ ಬಂದಿತ್ತು.

ತಟ್ಟೆ ಹಿಡಿದು ಹೊರಗೆ ಬಂದಾಗ ಅವಳು ಹೂಂ ಅನ್ನಬೇಕೆಂದೇ ಇದ್ದಳು. ಹೆಡ್‌ಮಾಸ್ಟರು ಲೋಟ ತೆಗೆದುಕೊಳ್ಳುತ್ತ, “ಬಹಳ ಸಂತೋಷ ತಾಯಿ. ಬರೀ ಕಾಲಹರಣಕ್ಕೆ ಓದೋ ಹೆಂಗಸರ ನಡುವೆ ನೀವು ಅಪರೂಪ. ಯಾವ ದೃಷ್ಟಿಕೋನದಿಂದ ಓದ್ತಿದೀರಿ?” ಎಂದರು.

ಬರೀ ಕಾಲಹರಣಕ್ಕೆ ಓದುವ ಹೆಂಗಸರು! ಅವಳಿಗೆ ಪಾಲಿಶ್ ಮೇಜಿನ ಗೆಳತಿ ನೆನಪಾದಳು. ಮೋಟಾರು ನಿಂತ ಎರಡು ನಿಮಿಷದಲ್ಲಿ ಅವಳು “ಅಕ್ಕಾ, ಅವನು ಸಿಕ್ಕಿದ್ನಾ?” ಎಂದು ಕೇಳುವುದು ನೆನಪಾಯಿತು. ಹೂಂ ಅಂದರೆ ಆ ಹೆಂಗಸರ ಸಾಲಿನಿಂದ ಎದ್ದು ಈ ಮೇಷ್ಟರ ಪಕ್ಕ ಕೂರಬೇಕು. ಮುಂದಿನ ತಿಂಗಳು ನಿಂತು, ತಾನು ಖುಷಿಪಟ್ಟದ್ದನ್ನೆಲ್ಲ ಖುಷಿಪಡಲಿಲ್ಲ ಎಂದು ಉಪನ್ಯಾಸ ಕೊಡಬೇಕು. ಪುಟ ತಿರುಗಿಸುವಾಗಲೆಲ್ಲ ಪೆನ್ಸಿಲ್ ಹಿಡಿದಿರಬೇಕು.

“ದೃಷ್ಟಿಕೋನ ಏನಿಲ್ಲ ಮೇಷ್ಟ್ರೇ,” ಎಂದಳು. “ಸುಮ್ನೆ ಓದ್ತೀನಿ.”

“ಸುಮ್ನೆ ಅಂದ್ರೆ?”

“ಸುಮ್ನೆ ಅಂದ್ರೆ ಸುಮ್ನೆ. ಅವನು ಅವಳಿಗೆ ಸಿಕ್ತಾನೋ ಇಲ್ವೋ ಅಂತ ಹೊಟ್ಟೇಲಿ ಒಂಥರಾ ಆಗತ್ತೆ. ಅದು ಚೆನ್ನಾಗಿರತ್ತೆ.”

ಬಯ್ದಿದ್ದರೂ ಅವರಿಗೆ ಅಷ್ಟು ನಾಟುತ್ತಿರಲಿಲ್ಲ. ಹೆಣ್ಣು ಹುಟ್ಟಿದಾಗಿನಿಂದ ಅವಳಿಗೆ ಸುಮ್ಮನಿರು, ಸುಮ್ಮನಿರು ಎಂದು ಕಲಿಸುತ್ತೇವೆ. ಅದೇ ಹೆಣ್ಣು ಒಂದು ದಿನ ಒಂದು ಕೆಲಸವನ್ನು ಸುಮ್ಮನೆ ಮಾಡುತ್ತೇನೆ ಎಂದರೆ ಎದೆ ಧಸಕ್ಕೆನ್ನುತ್ತದೆ. ಮಕ್ಕಳಿಗಾಗಿ ಓದಲಿ, ಜ್ಞಾನಕ್ಕಾಗಿ ಓದಲಿ, ಪರೀಕ್ಷೆಗಾಗಿ ಓದಲಿ, ಕೊನೆಗೆ ನಿದ್ದೆ ಬರಲಿ ಎಂದಾದರೂ ಓದಲಿ. ಯಾರಿಗೂ ಏನೂ ಸಿಗದ ಹಾಗೆ, ತನಗೊಬ್ಬಳಿಗೆ ಸುಖವಾಗುವ ಹಾಗೆ ಓದುವುದೆಂದರೇನು! ಅದಕ್ಕಿಂತ ಪಿಶಾಚಿಯೇ ವಾಸಿ.

ಯಾರೋ ಚಹಾ ಸೊರ್ರೆಂದು ಹೀರಿದರು. ಅಧ್ಯಕ್ಷರು ಹೆಂಡತಿಯ ಪಕ್ಕಕ್ಕೆ ಬಂದು, ತುಟಿ ಅಲ್ಲಾಡಿಸದೆ, “ಚಿಲಕದ ಮಾತು ಮರೆತುಬಿಡು,” ಎಂದರು.

“ಆಯ್ತು,” ಎಂದಳು ಹಲ್ಲಕ್ಕ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ, ತಾನೇ ತಳ್ಳಿದ್ದಳು. ಅತ್ತೆಯ ತೊಡೆಯ ಮೇಲಿದ್ದ ಪುಸ್ತಕವನ್ನು ತೆಗೆದುಕೊಂಡಳು. ಅತ್ತೆ ಅದನ್ನು ಅರೆಗಳಿಗೆ ಗಟ್ಟಿಯಾಗಿ ಹಿಡಿದು ಆಮೇಲೆ ಬಿಟ್ಟರು. ಹಲ್ಲಕ್ಕ ಎಲ್ಲರ ಎದುರೇ ಕೋಣೆಗೆ ನಡೆದು ಬಾಗಿಲು ಮುಂದೆ ಮಾಡಿದಳು.

ಅಧ್ಯಕ್ಷರು ಮತ್ತೆ ವ್ಯಕ್ತಿತ್ವ ವಿಕಸನಕ್ಕೆ ಬರುವಷ್ಟರಲ್ಲಿ ಒಳಗಿನಿಂದ ಭಾರೀ ಸದ್ದು ಶುರುವಾಯಿತು. ಕಬ್ಬಿಣ ನೆಲಕ್ಕೆ ಉಜ್ಜುವ ಸದ್ದು. ಅದು ಕೋಣೆಯ ಮೂಲೆಯಿಂದ ಬಾಗಿಲಿನವರೆಗೆ, ನಿಂತು ನಿಂತು, ಮೊಂಡುತನದಿಂದ ಬಂತು. ಸಭೆ ಕಿವಿಯಾಗಿ ಕೂತಿತು. ಅತ್ತೆ ಎದ್ದು ಹೋಗಿ ಎಂದಿನಂತೆ ಬಾಗಿಲು ನೂಕಿದರು. ಬಾಗಿಲು ಮಿಸುಕಲಿಲ್ಲ. ಭುಜ ಕೊಟ್ಟು ನೂಕಿದರು.

“ಲೇ, ಬಾಗಿಲು ಬರ್ತಿಲ್ಲ!”

“ಟ್ರಂಕ್ ಇದೆ ಅತ್ತೆ.”

“ಬಾಗಿಲಿಗೆ ಯಾಕೆ ಟ್ರಂಕು?”

“ಚಿಲಕ ಇಲ್ವಲ್ಲ, ಅದಕ್ಕೆ.”

ಅತ್ತೆ ಮಗನ ಮುಖ ನೋಡಿದರು. ಮಗ ಹೆಡ್‌ಮಾಸ್ಟರ ಮುಖ ನೋಡಿದರು. ಅವರು ಲೋಟದೊಳಗೆ ನೋಡುತ್ತಿದ್ದರು.

“ಅವಳಿಗೆ ತಲೆನೋವು,” ಎಂದರು ಅಧ್ಯಕ್ಷರು ಸಭೆಗೆ. “ಬೆಳಗಿಂದ ವಿಪರೀತ ತಲೆನೋವು. ಪಾಪ, ಮಲಗಿರ್ಬೇಕು.”

ಎಲ್ಲರೂ ತಲೆಯಾಡಿಸಿದರು. ತಲೆನೋವು ಗೌರವದ ಕಾಯಿಲೆ. ಆಗಲೇ ಒಳಗಿನಿಂದ, ಪುಸ್ತಕದಲ್ಲಿ ಏನು ನಡೆಯಿತೋ ಏನೋ, ತಲೆನೋವಿನವಳು ಗಟ್ಟಿಯಾಗಿ ನಕ್ಕದ್ದು ಇಡೀ ಕೂಟಕ್ಕೆ ಕೇಳಿಸಿತು.