ಬಿರುದು ಮುಗಿಯುವವರೆಗೆ

ಆಡಿನ ಮರಿಯ ತಲೆಗೆ ಕಾದ ಕಬ್ಬಿಣ ಒತ್ತುವಾಗ ಯಾರೇ ಆದರೂ ಉಸಿರು ಬಿಗಿಹಿಡಿಯುತ್ತಾರೆ. ಬಸಲಿಂಗಪ್ಪ ದರೋಗಾ ಬಿರುದು ಹೇಳುತ್ತಿದ್ದ. ಹೈದರಾಬಾದಿನ ಹುಜೂರರ ಬಿರುದಾವಳಿಯನ್ನು, ಕಣ್ಣು ಮುಚ್ಚಿ, ರಾಗವಾಗಿ, ಮೊದಲಿನಿಂದ ಕೊನೆಯವರೆಗೆ. ಅದು ಮುಗಿದ ಮೇಲೆಯೇ ಕಬ್ಬಿಣ ಮೇಲೇಳುತ್ತಿತ್ತು. ಮೂರ್ಖತನದಲ್ಲಿ ಅಷ್ಟು ಶ್ರದ್ಧೆಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

ಕಕ್ಕೇರಾ ಕಡೆಯ ಒಬ್ಬ ಜಹಗೀರದಾರರ ದೊಡ್ಡಿಗೆ ಅವನು ಮೇಲ್ವಿಚಾರಕ. ಜಹಗೀರಿನ ಹುಲ್ಲುಗಾವಲಿನಲ್ಲಿ ಮೇಯುವ ಆಡಿಗೆ ಕೊಂಬಿರಕೂಡದೆಂಬುದು ಅಲ್ಲಿಯ ಕಟ್ಟಳೆ. ಮರಿಯಿದ್ದಾಗಲೇ ಕೊಂಬಿನ ಮೊಳಕೆಯನ್ನು ಸುಡುವ ಅಧಿಕಾರ ಅವನೊಬ್ಬನದು. ಮಾಸಿದ ಶೇರವಾನಿಯ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಕೊಳ್ಳದೆ ಅವನು ಬೆಂಕಿಯ ಹತ್ತಿರ ಬರುತ್ತಿರಲಿಲ್ಲ.

ಹೈದರಾಬಾದಿನಲ್ಲಿ ಓದು ಮುಗಿಸಿ ಬಂದಿದ್ದ ನಾನು ಅವನೊಡನೆ ವಾದಿಸಿದೆ. ಕೊಂಬಿನ ಮೊಳಕೆ ಬೆರಳಿಗೆ ತಾಗುವಷ್ಟು ಎಳೆಯದಿರುವಾಗಲೇ ಕಬ್ಬಿಣವನ್ನು ಕ್ಷಣಮಾತ್ರ ಒತ್ತಿ, ತಿರುಗಿಸಿ, ಎತ್ತಿಬಿಡಬೇಕು. ಅದರಡಿಯ ಎಲುಬು ತೆಳು, ಎಲುಬಿನಡಿ ಮಿದುಳು. ಆದ್ದರಿಂದ ತಡವೆಂದರೆ ಸಾವು ಎಂದೆ.

ಅವನು ನನ್ನ ಮೇಲೆ ಕರುಣೆಯಿಂದ ನಕ್ಕ. "ಏನ್ರಿ ಕಾಲೇಜಿನೋರ, ಹುಜೂರ್ ಹೆಸರು ಅರ್ಧಕ್ಕ ಬಿಡಾಕ ಬರ್ತದೇನ್ರಿ? ಮರಿ ಸತ್ರ ಮತ್ತೊಂದ್ ಹುಟ್ಟತೈತಿ. ಅದಬ್-ಮರ್ಯಾದಿ ಸತ್ರ?"

ಜಹಗೀರದಾರರು ಅವನಿಗೊಂದು ಹಳೆಯ ರುಮಾಲು ಕೊಟ್ಟ ಮೇಲೆ ಅವರ ಹೊಗಳಿಕೆಯೂ ಬಿರುದಾವಳಿಗೆ ಸೇರಿತು. ಮರಿಗಳು ಹೆಚ್ಚು ಸಾಯತೊಡಗಿದವು. ಆಗಲೇ ಕೂಲಿಯ ಹುಲಿಗೆವ್ವ ತನ್ನ ಒಂದೇ ಮರಿಯನ್ನು ಸೆರಗಿನಲ್ಲಿ ಸುತ್ತಿ ತಂದಳು. ಅದು ಬೆಳೆದು ಈದರೆ ಎದೆಹಾಲು ಸಾಲದ ಅವಳ ಕೂಸಿಗೆ ಹಾಲು.

"ಯಪ್ಪಾ, ಸಣ್ಣ ಹೆಸರು ಯಾವುದರ ಇದ್ರ ಹೇಳ್ರಿ. ಇದೊಂದ ಐತಿ ನನಗ."

ನೆರೆದವರು ನಕ್ಕರು. "ಹುಜೂರರಿಗೆ ಸಣ್ಣ ಹೆಸರಂತ! ಕೇಳ್ರ್ಯೋ ಈಕಿ ಮಾತು!" ಎಂದ ದರೋಗಾ ಒಂದಕ್ಷರ ಬಿಡದೆ ಹೇಳಿ ಮುಗಿಸಿದ. ಮರಿ ಎದ್ದು, ಒಂದೇ ಕಡೆಗೆ ಸುತ್ತು ಸುತ್ತಿ, ಬಿತ್ತು. "ದೊಡ್ಡವ್ರ ಹೆಸರಿನ್ಯಾಗ ಹೋತು. ಪುಣ್ಯ ಮಾಡಿತ್ತು ಬಿಡು," ಎಂದು ಕೈ ತೊಳೆದುಕೊಂಡ.

ಹುಜೂರರ ಆಡಳಿತ ಮುಗಿದ ಚಳಿಗಾಲದಲ್ಲಿ ಅವನನ್ನು ಕೊನೆಯ ಸಲ ನೋಡಿದೆ. ಕಟ್ಟಳೆ ಹೋಗಿತ್ತು. ಆದರೂ ಹುಲಿಗೆವ್ವ ಬಂದಿದ್ದಳು. ಕಟ್ಟಳೆ ಹೋದ ಮೇಲೆ ಕೊಂಡುತಂದ ಆಡು, ನಡೆಯಲು ಕಲಿತಿದ್ದ ಕೂಸಿಗೆ ಕೊಂಬಿನಿಂದ ತಿವಿದಿತ್ತು; ಅದರ ಮರಿಗೂ ಕೊಂಬು ಬರುವುದು ಅವಳಿಗೆ ಬೇಡವಾಗಿತ್ತು, ಕಬ್ಬಿಣವಿದ್ದದ್ದು ದೊಡ್ಡಿಯಲ್ಲಿ ಮಾತ್ರ. ಈ ಸಲ ಅವಳು ತಾಯಾಡನ್ನು ಪಕ್ಕದಲ್ಲಿ ಕಟ್ಟಿ, ಹೊಸ ಮರಿಯನ್ನು ತನ್ನ ತೊಡೆಯ ಮೇಲೇ ಅದುಮಿಕೊಂಡು ಕೂತಳು.

ಶೇರವಾನಿ ತೊಟ್ಟ ದರೋಗಾ ಕೆಂಪು ಕಬ್ಬಿಣ ಹಿಡಿದು ಬಾಯಿ ತೆರೆದ. ನನ್ನತ್ತ ತಿರುಗಿದ. ಒಂದು ಜನ್ಮದ ಕಸುಬಿನಲ್ಲಿ ಅವನು ಕಲಿತದ್ದು ಆ ಬಿರುದಾವಳಿಯೊಂದನ್ನೇ ಎಂದು ಆಗ ಎಲ್ಲರಿಗೂ ಕಂಡಿತು.

"ಕಾಲೇಜಿನೋರ, ಈಗ ಯಾರ ಹೆಸರು ಹೇಳ್ಬೇಕ್ರಿ?"

ನಾನು ಉತ್ತರಿಸುವ ಮೊದಲೇ ಹುಲಿಗೆವ್ವ ಹೇಳಿದಳು: "ಮರಿ ಹೆಸರು ಹೇಳ್ರಿ. ಕರಿ ಅಂತ. ಸಣ್ಣದೈತಿ."

ಅವನು "ಕರಿ" ಎಂದು ಒತ್ತಿ ಎತ್ತಿದ. ಇನ್ನೊಂದು ಕಡೆಗೂ "ಕರಿ" ಎಂದ. ಮರಿ ತಲೆ ಕೊಡವಿ, ಅರಚುತ್ತ, ನೆಟ್ಟಗೆ ತಾಯಿಯ ಕೆಚ್ಚಲಿಗೆ ಓಡಿತು.

ಅವನ ಬಾಯಿಂದ ನಾನು ಕೇಳಿದ ಕೊನೆಯ ಬಿರುದು ಅದೇ.