ನಾಲ್ಕನೇ ಸೀಟು ಕೇಳಿದ ವೇದಾವತಿ

ಮುಂಬಯಿ ಹೊರವಲಯದ ಟಿಟ್ವಾಳಾದಲ್ಲಿರುವ ವೇದಾವತಿಗೆ ಕೊಡುವುದು ಗೊತ್ತು, ಕೇಳುವುದು ಗೊತ್ತಿಲ್ಲ. ಉಡುಪಿ ಹೋಟೆಲಿನವರ ಮನೆಯ ಮಗಳು, ಹೋಟೆಲಿನ ಅಡುಗೆಯವನನ್ನೇ ಕೈಹಿಡಿದವಳು. ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ತನಗೆ ಬಾಯಾರಿದರೆ ಮಾತ್ರ ಜಪ್ಪಯ್ಯ ಅಂದರೂ ಬಾಯಿ ಬಿಡಳು. ಥಾಣೆಯ ಆಫೀಸಿಗೆ ಹದಿನಾಲ್ಕು ವರ್ಷ ಲೋಕಲ್ ರೈಲಿನಲ್ಲಿ ನಿಂತೇ ಹೋದಳು. ಸ್ವಲ್ಪ ಸರಿಯಿರಿ ಎಂದಿದ್ದರೆ ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವಳಾಗಿ ಕೂರಬಹುದಿತ್ತು.

ಗಂಡ ಮಧ್ವರಾಜ ಮೂರು ವರ್ಷದಿಂದ ಜರ್ಮನಿಯ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ. ಅವನ ಜೊತೆ ಹೋಗಿ ಇರಬೇಕಾದರೆ ಅವಳು ಜರ್ಮನ್ ಭಾಷೆಯ ಮೊದಲ ಪರೀಕ್ಷೆ ಪಾಸಾಗಬೇಕು, ಆಮೇಲೆಯೇ ವೀಸಾ. ನಲವತ್ತಾರರ ವೇದಾವತಿ ಮೊಬೈಲನ್ನು ಮಿಕ್ಸಿಗೆ ಆನಿಸಿಟ್ಟು ಆನ್‌ಲೈನ್ ಕ್ಲಾಸಿಗೆ ಕೂತಳು. "ಈ ಪ್ರಾಯದಲ್ಲಿ ನಿನಗ್ಯಾಕೆ ಸುಮ್ಮನೆ ತೊಂದರೆ?" ಎಂದು ಅವನು ಪ್ರತಿ ಫೋನಿನಲ್ಲೂ ಅನ್ನುತ್ತಿದ್ದ. ಅದು ಕಾಳಜಿಯೋ, ಬರಬೇಡವೆಂಬ ಮಾತೋ? ಅದನ್ನೂ ಅವಳು ಕೇಳಲಿಲ್ಲ, ಒಳಗೊಳಗೇ ಕುದಿದಳು.

ಮೊದಲ ಸಲ ಮೂರು ಅಂಕ ಕಡಿಮೆಯಾಗಿ ಫೇಲಾದಳು. ಮಾತಿನ ಪರೀಕ್ಷೆಯಲ್ಲಿ ನೀರಿನ ಲೋಟದ ಚಿತ್ರ ಬಂದಿತ್ತು. ಪಕ್ಕದವರ ಹತ್ತಿರ ನೀರು ಕೇಳಬೇಕು, ಅಷ್ಟೇ. ನಮ್ಮ ಪುಣ್ಯಾತ್ಗಿತ್ತಿ ಮಾಡಿದ್ದೇನು? ತಪ್ಪಿಲ್ಲದ ಜರ್ಮನ್ನಿನಲ್ಲಿ, "ದಯವಿಟ್ಟು ನೀರು ಕುಡಿಯಿರಿ" ಎಂದು ಉಪಚಾರ ಮಾಡಿದಳು! ಪೆನ್ನಿನ ಚಿತ್ರಕ್ಕೂ ಅದೇ ಕಥೆ.

ಖಾರಘರದಿಂದ ಕಲಿಸುವ ಟೀಚರ್ ಪ್ರಣೀತಾ ಮೊದಲು ನಕ್ಕಳು, ಆಮೇಲೆ ಗದರಿದಳು. "ವೇದಕ್ಕ, ಅಳದಿದ್ರೆ ಹೆತ್ತ ತಾಯಿಯೂ ಹಾಲು ಕೊಡೋದಿಲ್ಲ. ನಾಳೆಯಿಂದ ದಿನಕ್ಕೆ ಮೂರು ಸಲ ಯಾರ ಹತ್ರನಾದ್ರೂ ಏನಾದ್ರೂ ಕೇಳ್ಬೇಕು. ಇದೇ ನಿಮ್ಮ ಹೋಮ್‌ವರ್ಕ್."

ಮರುದಿನ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಂತಿದ್ದಾಗ ಕಲ್ಯಾಣ ಸ್ಟೇಷನ್ ಬಂತು, ಕೇಳಲು ಬಾಯಿ ಬರಲಿಲ್ಲ. ಠಾಕುರ್ಲಿಯೂ ಹೋಯಿತು. ಡೊಂಬಿವ್ಲಿಯಲ್ಲಿ ಎದೆ ಗಟ್ಟಿಮಾಡಿ, "ಜರಾ ಸರ್ಕಾ ನಾ" ಎಂದು ಮರಾಠಿಯಲ್ಲಿ ಸರಿಯಲು ಕೇಳಿದಳು. ಮೂವರೂ ಸುಮ್ಮನೆ ಸರಿದು ಕೂತರು. ಇಷ್ಟೇನಾ! ಹದಿನಾಲ್ಕು ವರ್ಷ ಕಾಲು ಸವೆಸಿದ್ದು ಇಷ್ಟಕ್ಕಾ! ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಆಮೇಲೆ ಬಿಟ್ಟಾಳೆಯೇ? ಸಾಹೇಬರಲ್ಲಿ ಅರ್ಧ ಗಂಟೆ ಬೇಗ ಹೋಗಲು ಕೇಳಿದಳು. ಪಕ್ಕದ ಮನೆಯ ಹರಿಣಾಕ್ಷಿಗೆ, "ಒಂದು ಚಾ ಮಾಡಿಕೊಡು ಮಾರಾಯ್ತಿ" ಎಂದಳು. ಮೂರು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಎರಡನೇ ಸಲದ ಪರೀಕ್ಷೆಯಲ್ಲಿ ಕುರ್ಚಿಯ ಚಿತ್ರ ಬಂದಾಗ, ಕುರ್ಚಿ ಕೊಡಿ ಎಂದು ಗಟ್ಟಿಯಾಗಿಯೇ ಕೇಳಿದಳು. ಪಾಸಾದಳು.

ಫಲಿತಾಂಶ ಬಂದ ಸಂಜೆ ಫೋನಿನಲ್ಲಿ ಮಧ್ವರಾಜ ಮತ್ತೆ ಶುರುಮಾಡಿದ. "ಪಾಸಾದೆ, ಸಂತೋಷ. ಆದ್ರೂ ಇಲ್ಲಿ ಭಾರಿ ಚಳಿ, ನಿನಗ್ಯಾಕೆ ಸುಮ್ಮನೆ..."

"ಒಂದು ಕೇಳ್ತೇನೆ, ನೇರ ಹೇಳಿ. ನಾನು ಬರೋದು ನಿಮಗೆ ಬೇಕಾ, ಬೇಡ್ವಾ?"

ವೇದಾವತಿ ಕೇಳಿದ್ದನ್ನು ಹಿಂದೆ ತೆಗೆದುಕೊಳ್ಳಲಿಲ್ಲ, ಕಾದಳು.

"ಬೇಕು" ಎಂದ. "ಬಾ ಅಂತ ಹೇಗೆ ಕೇಳೋದು ಗೊತ್ತಾಗ್ಲಿಲ್ಲ ನಂಗೆ. ದಿನಾ ಇಷ್ಟು ಜನಕ್ಕೆ ಮಾಡಿ ಹಾಕ್ತೇನೆ, ನೀನು ಉಂಡ್ಯಾ ಅಂತ ಕೇಳೋರು ಇಲ್ಲಿ ಒಬ್ರಿಲ್ಲ."

ವೇದಾವತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹಾಗಾದ್ರೆ ಏರ್‌ಪೋರ್ಟಿಗೆ ಬನ್ನಿ. ಬ್ಯಾಗು ನೀವೇ ಹೊರಬೇಕು."