ಕಲೆ ಹೋದ ಜಾಗ

ಕೆಳಗಿನ ಮನೆಯ ಹೊಲಿಗೆ ಮಿಷನ್ನು ಕಟಕಟ ಎಂದಾಗ ನನ್ನ ಸೋದರತ್ತೆ ಕೆಲಸಕ್ಕೆ ಹೊರಡುತ್ತಾಳೆ. ಕಾರ್ಪೆಟ್ಟಿನ ಕಲೆ ತೆಗೆಯುವುದು ಅವಳ ಕಸುಬು. ಹೊಸದಾಗಿ ಕರೆದ ಆಫೀಸೊಂದರಲ್ಲಿ ಕಾರ್ಪೆಟ್ಟಿನ ಮೇಲಿನ ಚಹಾದ ಕಲೆ ಹೋದರೆ ವರ್ಷವಿಡೀ ಅಲ್ಲಿನ ಕೆಲಸ ಅವಳಿಗೇ ಎಂದು ಮಾತಾಗಿತ್ತು.

ಸೋಪಿನ ನೀರು ಹಚ್ಚಿ, ಒಣಬಟ್ಟೆ ಒತ್ತಿದಳು. ಕಲೆ ಹೋಯಿತು. ಆದರೆ ಆ ಜಾಗವೊಂದೇ ತಟ್ಟೆಯಗಲ ಹೊಳೆದು, ಉಳಿದ ಕಾರ್ಪೆಟ್ಟೆಲ್ಲ ಕೊಳಕಾಗಿ ಕಂಡಿತು.

"ಏನಮ್ಮಾ, ಈಗ ಇನ್ನೂ ಎದ್ದು ಕಾಣ್ತಿದೆಯಲ್ಲ," ಎಂದರು ಮ್ಯಾನೇಜರು.

"ನನ್ನ ಕೈಗುಣ ಸಾರ್. ಒಂದು ಕಲೆ ತೆಗೆಯೋಕೆ ಹೋಗಿ ಇಡೀ ಕೋಣೆ ಮಾನ ತೆಗೆದೆ. ಪೂರ್ತಿ ತೊಳೆದುಕೊಡ್ತೀನಿ."

ಮ್ಯಾನೇಜರು ನಕ್ಕು ತಮ್ಮ ಕುರ್ಚಿ ಸರಿಸಿದರು. "ಸರಿ, ವರ್ಷವೆಲ್ಲ ನೀವೇ ಬನ್ನಿ."

"ಬರ್ತೀನಿ ಸಾರ್. ಆದ್ರೆ ಇದನ್ನ ತೊಳೆದ ಮೇಲೆ ಗೋಡೆ ಕೊಳಕಾಗಿ ಕಂಡ್ರೆ ಮಾತ್ರ ನನ್ನನ್ನ ಬೈಬೇಡಿ," ಎನ್ನುತ್ತಲೇ ಅವಳು ನೀರು ತರಲು ನಡೆದಳು.